ಕಲಾಯಿ ಹಾಕಿದ ರೇಸ್ ಕಾರು

ಆಗ ಸವಣೂರಿಗೆ ಪೇಪರು ಹುಬ್ಬಳ್ಳಿ ಬಸ್ಸಿನ ನೆತ್ತಿಯ ಮೇಲೆ ಕುಳಿತು ಬರುತ್ತಿತ್ತು. ಬಸ್ಸು ತಡವಾದರೆ ಊರಿಗೆ ಸುದ್ದಿಯೂ ತಡ. ಟೈರು ಪಂಕ್ಚರ್ ಆದ ದಿನ ಮಂತ್ರಿಯ ರಾಜೀನಾಮೆ ನಮಗೆ ಮಧ್ಯಾಹ್ನದ ಊಟದ ಹೊತ್ತಿಗೆ ತಿಳಿಯುತ್ತಿತ್ತು. ಅಪ್ಪ ಪೇಪರ್ ಏಜೆಂಟ್. ಬೇಸಿಗೆ ರಜೆಯಲ್ಲಿ ಕಟ್ಟು ಬಿಚ್ಚಿ ಜೋಡಿಸಿಡುವುದು ನನ್ನ ಕೆಲಸ. ಹೊಸ ಶಾಯಿಯ ವಾಸನೆ, ಪಕ್ಕದ ಅಂಗಡಿಯಲ್ಲಿ ಖಾರ ಕರಿಯುವ ಎಣ್ಣೆಯ ವಾಸನೆ, ಎದುರಿನ ಕಟ್ಟೆಯ ಮೇಲೆ ಒದ್ದೆ ಗೋಣಿಯೊಳಗೆ ಮಲಗಿರುತ್ತಿದ್ದ ವೀಳ್ಯದೆಲೆಯ ವಾಸನೆ, ಈ ಮೂರೂ ಕೂಡಿದರೆ ಇಂದಿಗೂ ನನಗೆ ಬೆಳಗಾದಂತೆ.

ಖಾರದ ಅಂಗಡಿಗೆ ಪೊಟ್ಟಣ ಕಟ್ಟಲು ರದ್ದಿ ಬೇಕು. ಊರಿನ ರದ್ದಿ ಸಾಲದೆ ಅಪ್ಪ ಹುಬ್ಬಳ್ಳಿಯಿಂದ ಮೂಟೆ ತರಿಸುತ್ತಿದ್ದ. ನಾನು ಆರನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅಂಥ ಒಂದು ಮೂಟೆಯಲ್ಲಿ ಯಾವುದೋ ವಿದೇಶಿ ಪತ್ರಿಕೆಯ ನಡುವಿನ ಒಂದು ದೊಡ್ಡ ಹಾಳೆ ಬಂತು. ಕಾಗದ ನುಣುಪಾಗಿತ್ತು. ಎಣ್ಣೆ ಹೀರುವುದಿಲ್ಲ, ಕೆಲಸಕ್ಕೆ ಬಾರದು ಎಂದು ಖಾರದ ಅಂಗಡಿಯವರು ಅದನ್ನು ನಮ್ಮ ಕಟ್ಟೆಗೇ ಎಸೆದು ಹೋದರು.

ಹಾಳೆಯ ತುಂಬ ಒಂದೇ ಕಾರು. ಆಮೆಯ ಬೆನ್ನಿನ ಹಾಗೆ ಉಬ್ಬಿದ, ಗುಂಡು ಮೂತಿಯ ಹಳೆಯ ಕಾರು. ಒಳಗೆ ಒಬ್ಬ ಕುಳಿತಿದ್ದ. ಬಾಗಿಲಿನ ಮೇಲೆ ಬಾಗಿಲಿನಷ್ಟೇ ದೊಡ್ಡದಾಗಿ ನಲವತ್ತೇಳು ಎಂದು ಬರೆದಿತ್ತು. ಒಂದು ಕಡೆ ಕಾರಿನ ಮುಂದಿನ, ಪಕ್ಕದ, ಮೇಲಿನ ನೋಟದ ಗೆರೆಚಿತ್ರ. ಇನ್ನೊಂದು ಕಡೆ ಅದೇ ಕಾರು, ಒಬ್ಬನ ಅಂಗೈ ಮೇಲೆ.

ಅಪ್ಪ ಕನ್ನಡಕ ಏರಿಸಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದ. "ಹಳೇ ಕಾಲದ ರೇಸಿನ ಕಾರಂತ. ಮಂದಿ ದಿನಾ ಓಡ್ಸೂ ಕಾರನ್ನ ತಂದು, ಗಟ್ಟಿ ಮಾಡಿ ರೇಸಿಗೆ ಬಿಡ್ತಿದ್ರಂತ. ಈಗ ಅದನ್ನ ಅಳತಿ ಹಿಡದು, ಹುಬೇಹುಬ್ ಹಂಗ ಸಣ್ಣದು ಮಾಡ್ತಾರಂತ. ದೊಡ್ಡ ದೊಡ್ಡ ಗಂಡಸರು."

"ಅವರಿಗೆ ಮನ್ಯಾಗ ಕೆಲಸ ಇಲ್ಲೇನ?" ಅಂದಳು ಒಳಗಿನಿಂದ ಅವ್ವ.

ನಾನು ಹಾಳೆಯನ್ನು ಮಡಚಿ ಜೈಬುವಿನ ಮನೆಗೆ ಓಡಿದೆ.

ಜೈಬುನ್ನಿಸಾ ನನ್ನ ಕ್ಲಾಸಿನವಳು. ಅವಳ ಅಬ್ಬಾನದು, ನಾನು ಚಾಚಾ ಎನ್ನುತ್ತಿದ್ದವರದು, ಕಲಾಯಿ ಅಂಗಡಿ. ಊರಿನ ತಾಮ್ರ, ಹಿತ್ತಾಳೆಯ ಪಾತ್ರೆಗಳೆಲ್ಲ ಒಳಗೆ ಕಪ್ಪಾದಾಗ ಅಲ್ಲಿಗೇ ಬರಬೇಕು. ಇದ್ದಿಲ ಮೇಲೆ ಪಾತ್ರೆ ಕಾಯಿಸಿ, ಚಿಟಿಕೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಭುಸ್ಸನೆ ಏಳುತ್ತಿತ್ತು. ಮೂಗು ಕಟ್ಟಿಕೊಂಡು ಎಣಿಸುವಷ್ಟರಲ್ಲಿ ಚಾಚಾ ತವರದ ಕಡ್ಡಿ ಆಡಿಸಿ, ಅರಳೆಯ ಉಂಡೆಯಿಂದ ಒಮ್ಮೆ ಸುತ್ತ ಉಜ್ಜಿದರೆ ಪಾತ್ರೆಯ ಹೊಟ್ಟೆ ಬೆಳ್ಳಿಯಾಗುತ್ತಿತ್ತು. ತಿದಿ ಒತ್ತಲು ಜೈಬು ಕೂರುತ್ತಿದ್ದಳು. ಕತ್ತರಿಯಿಂದ ತಗಡು ಕತ್ತರಿಸುವುದು, ಬೆಸೆಯುವುದು, ನಮಗೆ ಜಡೆ ಹೆಣೆಯುವುದು ಬಂದಷ್ಟು ಸಹಜವಾಗಿ ಅವಳಿಗೆ ಬರುತ್ತಿತ್ತು.

ಆದರೆ ಆ ಬೇಸಿಗೆಯಲ್ಲಿ ಅವಳ ಹತ್ತಿರ ಒಂದು ಆಟದ ಗಾಡಿಯೂ ಇರಲಿಲ್ಲ. ಇದ್ದ ಒಂದು ಶಿಗ್ಗಾವಿಯಲ್ಲಿ ಗೋಡೆಗೆ ನೇತಾಡುತ್ತಿತ್ತು.

ಅದನ್ನು ಹೇಳಬೇಕು. ಶಿಗ್ಗಾವಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಒಂದು ಗ್ಯಾರೇಜು. ಅದರ ಮಾಲಕನ ಮಗ ಬಸವರಾಜ, ಎಲ್ಲರ ಬಾಯಲ್ಲಿ ಬಸ್ಯಾ. ಗ್ಯಾರೇಜಿನ ಹಿಂದೆ ಹತ್ತಿ ಗೋದಾಮಿನ ಇಳಿಜಾರು ಇತ್ತು. ರಜೆ ಬಂತೆಂದರೆ ಸುತ್ತಲಿನ ಊರಿನ ಹುಡುಗರು ತಾವು ಮಾಡಿದ ಗಾಡಿ ತಂದು ಅಲ್ಲಿ ಬಿಡುತ್ತಿದ್ದರು. ನಿಯಮ ಗೋಲಿ ಆಟದ್ದೇ: ಸೋತವನ ಗಾಡಿ ಗೆದ್ದವನಿಗೆ. ಬಸ್ಯಾನ ಗಾಡಿಗೆ ಗಾಲಿಯ ಬದಲು ಲಾರಿಯಿಂದ ಕಳಚಿದ ಬೇರಿಂಗುಗಳು. ಅದು ಸೋತದ್ದನ್ನು ಕಂಡವರಿರಲಿಲ್ಲ. ಗ್ಯಾರೇಜಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು, ಗೆದ್ದ ಗಾಡಿಗಳನ್ನು ಅವನು ನೇತುಹಾಕಿದ್ದ. ಹಾನಗಲ್ಲಿನ ಹುಡುಗನ ಕಟ್ಟಿಗೆಯ ಜೀಪು, ಹಿರೇಕೆರೂರಿನವನ ನೂಲಿನ ಖಾಲಿ ರೀಲುಗಳೇ ಗಾಲಿಯಾದ ಲಾರಿ, ಮತ್ತು ದೀಪಾವಳಿ ರಜೆಯಲ್ಲಿ ಸೋತ ಜೈಬುವಿನ ಎಣ್ಣೆ ಡಬ್ಬಿಯ ಕಾರು. ಅದು ಅವಳು ತಾನೊಬ್ಬಳೇ ಮಾಡಿದ ಮೊದಲ ವಸ್ತು. ಮೊಳೆ ಹಾಕಲೆಂದು ಬಸ್ಯಾ ಅದರ ನೆತ್ತಿಗೆ ತೂತು ಹೊಡೆದಿದ್ದ.

ಬೇಕೆಂದರೆ ಮತ್ತೆ ಗೆಲ್ಲಬಹುದು. ಗೆದ್ದವರು ಬಸ್ಯಾನ ಗಾಡಿಯನ್ನೋ ಗೋಡೆಯ ಮೇಲಿನ ಒಂದನ್ನೋ ಆರಿಸಿಕೊಳ್ಳಬಹುದು. ಆದರೆ ಪಣಕ್ಕೆ ಹೊಸ ಗಾಡಿ ಇಡಬೇಕು.

ಜೈಬು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಗೆರೆಚಿತ್ರದ ಮೇಲೆ ಬೆರಳಾಡಿಸಿದಳು.

"ಇದು ತಗಡಿನ್ಯಾಗ ಆಗೂದಿಲ್ಲ ಗಿರ್ಜಿ. ತಗಡು ಮುರೀತೈತಿ, ಉಬ್ಬೂದಿಲ್ಲ. ಇದಕ್ಕ ತಾಮ್ರನ ಬೇಕು."

ತಾಮ್ರಕ್ಕೆ ಚಾಚಾನ ಮುಂದೆ ನಿಂತೆವು. ಮೂಲೆಯಲ್ಲಿ ತಳ ತೂತಾದ ಒಂದು ಹಂಡೆ ಬಿದ್ದಿತ್ತು. ಚಾಚಾ ಹಾಳೆಯನ್ನು ತಿರುವಿ ಮುರುವಿ ನೋಡಿ, "ಇಷ್ಟು ದೊಡ್ಡ ನಂಬರ್ ಯಾಕ ಬರದಾರು? ಅಲ್ಲೀ ಮಂದಿಗೆ ಕಣ್ಣು ಕಾಣೂದಿಲ್ಲೇನ?" ಎಂದು ಕೇಳಿದರು. ನಮಗೂ ಗೊತ್ತಿರಲಿಲ್ಲ. ಹಂಡೆಯ ಒಂದು ಮಗ್ಗುಲನ್ನು ಕತ್ತರಿಸಿಕೊಟ್ಟರು.

ಅಳತೆ ನನ್ನ ಪಾಲಿಗೆ ಬಂತು. ಚಿತ್ರದಲ್ಲಿ ಕಾರಿನ ಗಾಲಿ ಎಷ್ಟು ಅಗಲವೋ ಅಷ್ಟಕ್ಕೆ ಕಸಬರಿಗೆ ಕಡ್ಡಿ ಮುರಿದೆ. ಕಾರಿನ ಉದ್ದ ಎಷ್ಟು ಕಡ್ಡಿ, ಎತ್ತರ ಎಷ್ಟು ಕಡ್ಡಿ ಎಂದು ಅಳೆದೆ. ಆಮೇಲೆ ಪೇಪರಿನ ಒಂದು ಕಾಲಮ್ಮಿನ ಅಗಲದಷ್ಟು ಉದ್ದದ ದೊಡ್ಡ ಕಡ್ಡಿ ಮುರಿದುಕೊಂಡು, ಸಣ್ಣ ಕಡ್ಡಿಯ ಜಾಗದಲ್ಲಿ ದೊಡ್ಡದನ್ನು ಇಟ್ಟು, ನಮ್ಮ ಮನೆಯ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಕಾರು ಬರೆದೆ. ಅವ್ವ ಸಾರಿಸಲು ಬಂದಾಗ ಅಡ್ಡ ಮಲಗಿ ಅದನ್ನು ಉಳಿಸಿದೆ. ಅಂದಿನಿಂದ ಮನೆಯವರೆಲ್ಲ ಆ ಕಾರನ್ನು ದಾಟಿಕೊಂಡೇ ಅಡುಗೆಮನೆಗೆ ಹೋದರು.

ಜೈಬು ತಾಮ್ರವನ್ನು ಕಾಯಿಸಿ, ತಣಿಸಿ, ಕಟ್ಟಿಗೆಯ ತುಂಡಿನ ಮೇಲಿಟ್ಟು ಬಡಿಯತೊಡಗಿದಳು. ಟಣ್ ಟಣ್ ಅಲ್ಲ, ಮೆತ್ತಗೆ, ಟಪ್ ಟಪ್. ಮೊದಲು ಅದು ಬಟ್ಟಲಾಯಿತು, ಆಮೇಲೆ ಹೀರೆಕಾಯಿ ಸೀಳಿದ ಹಾಗೆ ಆಯಿತು. ದಿನಾ ಸಂಜೆ ನೆಲದ ಚಿತ್ರದ ಮೇಲೆ ತಂದಿಟ್ಟು ನೋಡುತ್ತಿದ್ದೆವು. ಒಂದು ಸಂಜೆ ಗೆರೆಯೂ ತಾಮ್ರವೂ ಕೂಡಿದವು. ಅಪ್ಪ ಪೇಪರ್ ಕೆಳಗಿಟ್ಟು ಬಗ್ಗಿ ನೋಡಿ, "ಆತಲ್ಲವಾ!" ಎಂದ. ಅಪ್ಪ ಪೇಪರ್ ಕೆಳಗಿಡುವುದೆಂದರೆ ಸಣ್ಣ ಮಾತಲ್ಲ.

ಗಾಲಿಗೆ ಸವೆದ ಹವಾಯಿ ಚಪ್ಪಲಿ, ಅಚ್ಚಿಗೆ ಸೈಕಲ್ಲಿನ ಕಡ್ಡಿ, ಅಚ್ಚು ತಿರುಗಲು ಖಾಲಿ ಬಾಲ್‌ಪೆನ್ನಿನ ಕೊಳವೆ. ಇವುಗಳಲ್ಲಿ ನಮಗೆ ಜಗಳವಿರಲಿಲ್ಲ. ಜಗಳ ಹತ್ತಿದ್ದು ಬಾಗಿಲಿಗೆ.

"ಚಿತ್ರದಾಗ ಬಾಗಲಕ್ಕ ಹಿಡಿಕಿ ಇಲ್ಲ," ಅಂದೆ.

"ಬರಿಯಾಕ ಮರತಿರ್ತಾರ."

"ಎಲ್ಲಾ ಚಿತ್ರದಾಗೂ ಮರೀತಾರೇನ?"

"ಹಂಗಾರ ಒಳಗ ಹೆಂಗ ಹೋಗ್ಬೇಕು? ಬಾಗಲಾ ತೆರೀದಿದ್ರ ಅದು ಕಾರಲ್ಲ, ಪೆಟ್ಟಿಗಿ."

ಹಾಳೆಯ ಕೆಳಮೂಲೆಯಲ್ಲಿ ಇನ್ನೊಂದು ಸಣ್ಣ ಚಿತ್ರವಿತ್ತು. ಒಬ್ಬ ಮನುಷ್ಯ ಅರ್ಧ ಮೈ ಕಾರಿನ ಕಿಟಕಿಯೊಳಗೆ, ಅರ್ಧ ಹೊರಗೆ. ಅವನು ಕಳ್ಳ ಎಂದು ಜೈಬು ಮೊದಲ ದಿನವೇ ತೀರ್ಮಾನಿಸಿದ್ದಳು. ಕುಡಿದವನಿರಬೇಕು ಎಂದು ನನ್ನ ಊಹೆ. ಕಳ್ಳನ ಚಿತ್ರವನ್ನು ಪೇಪರಿನವರು ಯಾಕೆ ಹಾಕಿದರು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ. ಜೈಬು ಎರಡೂ ಬಾಗಿಲು ಕತ್ತರಿಸಿ, ಸಣ್ಣ ತಂತಿಯ ಕೀಲು ಕೂರಿಸಿದಳು. ಬಾಗಿಲು ಚಂದ ತೆರೆಯುತ್ತಿದ್ದವು. ನಾನೂ ಎರಡು ಸಲ ತೆರೆದು ಮುಚ್ಚಿ ನೋಡಿದೆ.

ಜೋಡಿಸುವ ಮೊದಲು ಅವಳು ಯಾರನ್ನೂ ಕೇಳದೆ ಇನ್ನೊಂದು ಕೆಲಸ ಮಾಡಿದಳು. ಕಾರಿನ ಒಳಮೈಗೆ ಕಲಾಯಿ ಹಾಕಿದಳು. ಅವರ ಅಂಗಡಿಯಲ್ಲಿ ತಾಮ್ರದ್ದು ಯಾವುದೇ ಆಗಲಿ, ಒಳಗೆ ಬೆಳ್ಳಗಾಗದೆ ಹೊಸ್ತಿಲು ದಾಟುವಂತಿಲ್ಲ. ಅವಳ ಕೈಗೆ ಅದು ರೂಢಿ. ತಳಕ್ಕೆ ತಟ್ಟೆಯ ಹಾಗೆ ಅಂಚು ಮಡಿಸಿದ್ದಳು, ಉಜ್ಜಲು ಅರಳೆ ಆ ಮಡಿಕೆಯೊಳಗೆ ಹೋಗಲಿಲ್ಲ, ಹೆಚ್ಚಾದ ತವರವೆಲ್ಲ ತಳದಲ್ಲೇ ನಿಂತು ಗಟ್ಟಿಯಾಯಿತು.

ಚಾಚಾ ಎತ್ತಿ ನೋಡಿದರು. ಕೈ ಕೆಳಗೆ ಜಗ್ಗಿತು. ತವರದ ಕಡ್ಡಿಯನ್ನು ನೋಡಿದರು. ಅದು ಮೋಟಾಗಿತ್ತು.

"ಯಾ ಅಲ್ಲಾ! ಕಾರಿನ್ಯಾಗ ಸಾರು ಕುದಸ್ತೀಯೇನ ಬೇಟಿ?"

ಅಂಗಡಿಗೆ ಬಂದ ಗಿರಾಕಿಗಳೆಲ್ಲ ನಕ್ಕರು. ಜೈಬುವಿನ ಕಿವಿ ಕೆಂಪಾದವು. "ಒಳಗ ಕರ್ರಗಿದ್ರ ಚೊಲೊ ಕಾಣೂದಿಲ್ಲಬ್ಬಾ," ಅಂದಳು. ಚಾಚಾ ಮೋಟು ಕಡ್ಡಿಯನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟರು.

ಪರೀಕ್ಷೆಗೆ ನಮ್ಮ ಓಣಿಯ ಇಳಿಜಾರಿಗೆ ಹೋದೆವು. ಓಣಿಯ ಮಂದಿ ನೋಡಲು ನಿಂತರು. ಕೈ ಬಿಟ್ಟೆವು. ಕಾರು ಮೊದಲು ಎಮ್ಮೆಯ ಹಾಗೆ ಹೊರಟಿತು, ಆಮೇಲೆ ವೇಗ ಹಿಡಿಯಿತು. ಒಂದು ಕಲ್ಲಿಗೆ ತಾಗಿದ್ದೇ ಎಡಬಾಗಿಲು ತೆರೆದುಕೊಂಡು ನೆಲಕ್ಕೆ ಕಚ್ಚಿತು. ಕಾರು ಗಿರ್ರನೆ ತಿರುಗಿ ಗಟಾರಕ್ಕೆ ಬಿತ್ತು.

"ಡ್ರೈವರ್ ಇಳದು ಎಲಿ ಅಡಿಕಿ ತರಾಕ ಹ್ವಾದ," ಅಂದ ಒಬ್ಬ.

ಜೈಬು ಅಳಲಿಲ್ಲ. ಕಾರನ್ನು ಲಂಗದಲ್ಲಿ ಒರೆಸಿಕೊಂಡು ಮನೆಗೆ ನಡೆದಳು. ಶಿಗ್ಗಾವಿಗೆ ಹೋಗುವ ದಿನ ಹತ್ತಿರವಾಗಿತ್ತು. ಅಪ್ಪ ತಿಂಗಳಿಗೊಮ್ಮೆ ಅಲ್ಲಿಯ ಏಜೆಂಟರನ್ನು ಕಾಣಲು ಹೋಗುತ್ತಿದ್ದ, ಆಗ ನಮ್ಮನ್ನು ಕರೆದೊಯ್ಯಬೇಕು. ತಪ್ಪಿದರೆ ಶಾಲೆ ಸುರುವಾಗಿಬಿಡುತ್ತಿತ್ತು.

ಅಂದು ಸಂಜೆ ಪಡಸಾಲೆಯಲ್ಲಿ ಹಾಳೆ ಹರಡಿಕೊಂಡು ಕುಳಿತೆವು. ಅಪ್ಪ ಜೋಳಿಗೆ ಹೊಲಿಯುತ್ತ ಕೇಳಿದ, "ಚಿತ್ರದಾಗ ಏನೈತಿ ಅಷ್ಟ ಹೇಳ್ರಿ. ನಿಮಗ ಏನ ಅನಸ್ತೈತಿ ಅದು ಆಮ್ಯಾಲ."

ಹೇಳಿದೆ. ಬಾಗಿಲಿಗೆ ಹಿಡಿಕೆ ಇಲ್ಲ. ಕಿಟಕಿಗೆ ಗಾಜಿಲ್ಲ. ಒಬ್ಬ ಮನುಷ್ಯ ಕಿಟಕಿಯೊಳಗೆ ಅರ್ಧ ಹೋಗಿದ್ದಾನೆ. ಅವನ ತಲೆಯ ಮೇಲೆ...

ಅವನ ತಲೆಯ ಮೇಲೆ ಟೋಪಿ ಇತ್ತು. ದೊಡ್ಡ ಚಿತ್ರದಲ್ಲಿ ಕಾರಿನ ಒಳಗೆ ಕುಳಿತ ಮನುಷ್ಯನ ತಲೆಯ ಮೇಲಿದ್ದದ್ದೂ ಅದೇ ಉಕ್ಕಿನ ಟೋಪಿ.

"ಜೈಬು, ಇಂವಾ ಕಳ್ಳ ಅಲ್ಲ. ಡ್ರೈವರ್."

ಅವಳು ಹಾಳೆಯನ್ನು ಕಣ್ಣಿಗೆ ಹತ್ತಿರ ತಂದಳು. ಎರಡೂ ಟೋಪಿಯ ಮೇಲೆ ಬೆರಳಿಟ್ಟಳು. ಆಮೇಲೆ ಬಾಗಿಲಿನ ಗೆರೆಯ ಮೇಲೆ.

"ಬೆಸದಾರ," ಅಂದಳು ಮೆಲ್ಲಗೆ. "ಬಾಗಲಾ ಬೆಸದಾರ ಇವರು! ಓಡೂ ಮುಂದ ತೆರೀಬಾರದಂತ ಬೇಕಂತನ ಬೆಸದಾರ!"

ನಾವಿಬ್ಬರೂ ಕೂಗಿದ ಕೂಗಿಗೆ ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದಳು. ಎಲ್ಲೋ ಏಳು ಸಮುದ್ರದ ಆಚೆ ಯಾರೋ ಬಾಗಿಲು ತೆರೆದು ಪಲ್ಟಿಯಾಗಿ ಕಲಿತದ್ದನ್ನು ನಾವು ನಮ್ಮ ಗಟಾರದಲ್ಲಿ ಕಲಿತಿದ್ದೆವು. ಮರುದಿನ ಬೆಳಿಗ್ಗೆ ಜೈಬು ಕೀಲು ಕಿತ್ತು, ಬಾಗಿಲು ಮುಚ್ಚಿ, ಅಂಚಿನುದ್ದಕ್ಕೂ ಬೆಸೆದಳು. ನಾನು ಸುಣ್ಣದಲ್ಲಿ ಎರಡೂ ಕಡೆ ನಲವತ್ತೇಳು ಬರೆದೆ, ಬಾಗಿಲಿನಷ್ಟೇ ದೊಡ್ಡದಾಗಿ.

ಶಿಗ್ಗಾವಿಯಲ್ಲಿ ಬಸ್ಯಾ ಗ್ಯಾರೇಜಿನ ಟೈರಿನ ಮೇಲೆ ಕುಳಿತು ಕಬ್ಬು ಸಿಗಿಯುತ್ತಿದ್ದ. ರಜೆಗೆ ಬಂದ ಹಾನಗಲ್ಲಿನ, ಹಿರೇಕೆರೂರಿನ ಹುಡುಗರೂ ಇದ್ದರು. ತಮ್ಮ ಗಾಡಿಗಳು ಗೋಡೆಯ ಮೇಲಿದ್ದರೂ ಅವರು ದಿನಾ ಅಲ್ಲಿಗೇ ಬರುತ್ತಿದ್ದರು, ನೋಡಿಕೊಂಡು ಹೋಗಲು.

"ಏನವಾ ಸವಣೂರು, ಮತ್ತೊಂದು ಕೊಡಾಕ ಬಂದ್ಯಾ? ಮೊಳಿ ಖಾಲಿ ಐತಿ ನೋಡು."

ಜೈಬು ಚೀಲದಿಂದ ಕಾರು ತೆಗೆದಳು. ಬಿಸಿಲಿಗೆ ತಾಮ್ರ ಹೊಳೆಯಿತು. ಬಸ್ಯಾ ಕಬ್ಬು ಕಡಿಯುವುದನ್ನು ನಿಲ್ಲಿಸಿದ. ತಿರುಗಿಸಿ ನೋಡಿದ, ಬಾಗಿಲಿಗೆ ಉಗುರು ಹಾಕಿದ.

"ಬಾಗಲಾ ತೆರಿಯೂದಿಲ್ಲಲ್ಲ. ಡ್ರೈವರ್ ಹೆಂಗ ಹೋಗ್ತಾನ?"

"ಕಿಡಕ್ಯಾಗಿಂದ."

"ಕಿಡಕ್ಯಾಗಿಂದ ಬೆಕ್ಕು ಹೋಗ್ತಾವ!"

ಎಲ್ಲರೂ ನಕ್ಕರು. ಜೈಬು ಸುಮ್ಮನೆ ಹೇಳಿದಳು, "ಓಡ್ಸೂದು ಐತೇನ, ಮಾತಾಡೂದು ಐತೇನ?"

ಇಳಿಜಾರಿನ ನಡುವೆ ನೀರಿನ ಪೈಪಿಗೆಂದು ಅಗೆದು ಮುಚ್ಚಿದ ಅಡ್ಡ ದಿಬ್ಬ ಇತ್ತು. ಬಸ್ಯಾನ ಗಾಡಿ ಅದನ್ನು ಹಾರಿ ದಾಟುವುದನ್ನು ನೋಡಲೆಂದೇ ಮಂದಿ ಸೇರುತ್ತಿದ್ದರು. ಕೆಳಗೆ ಗೋದಾಮಿನ ಗೋಡೆಯ ಹತ್ತಿರ ಇದ್ದಿಲಿನ ಗೆರೆ. ಆ ಗೆರೆಯನ್ನು ಮೊದಲು ಮುಟ್ಟಿದವರು ಗೆದ್ದಂತೆ. ನಾನು ಗೆರೆಯ ಹತ್ತಿರ ನಿಂತೆ. ಅಪ್ಪ ಗೋದಾಮಿನ ನೆರಳಲ್ಲಿ ಪೇಪರ್ ಹಿಡಿದು ನಿಂತ, ತಲೆ ಎತ್ತಲಿಲ್ಲ. ಸೋತರೆ ಈ ಕಾರಿನ ನೆತ್ತಿಗೂ ತೂತು ಬೀಳುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಬಿಡ್ರಲೇ!"

ಬೇರಿಂಗ್ ಗಾಡಿ ಚರ್ರೆಂದು ಮುಂದೆ ಹಾರಿತು. ನಮ್ಮದು ಹೊರಟಿದೆಯೋ ಇಲ್ಲವೋ ಎನ್ನುವಂತೆ ಹೊರಟಿತು. ಹುಡುಗರು ಆಗಲೇ "ಹೋ" ಎಂದರು. ಬಸ್ಯಾನ ಗಾಡಿ ದಿಬ್ಬಕ್ಕೆ ಬಂದು, ಎಂದಿನಂತೆ ಚೆಂದಾಗಿ ಹಾರಿತು. ಹಾರಿ, ಒಂದು ಗಾಲಿಯ ಮೇಲೆ ಇಳಿದು, ಓರೆಯಾಗಿ ಹೋಗಿ, ಬದಿಯ ಗೋಡೆಗೆ ತಾಗಿ, ಮತ್ತೆ ಸರಿಯಾಗಿ ಹೊರಟಿತು. ಪ್ರತಿಸಲವೂ ಅದು ಹಾಗೇ ಮಾಡುತ್ತಿತ್ತು. ಉಳಿದ ಗಾಡಿಗಳು ದಿಬ್ಬದಲ್ಲೇ ಮಗುಚಿ ಬೀಳುತ್ತಿದ್ದುದರಿಂದ ಯಾರೂ ಅದನ್ನು ತಪ್ಪೆಂದು ಎಣಿಸಿರಲಿಲ್ಲ.

ನಮ್ಮ ಕಾರು ದಿಬ್ಬಕ್ಕೆ ಬಂತು. ಹಾರಲಿಲ್ಲ. ತಳದ ತವರ ಅದನ್ನು ಹಾರಲು ಬಿಡಲಿಲ್ಲ. ಚಪ್ಪಲಿಯ ಗಾಲಿ ಒಮ್ಮೆ ಕುಗ್ಗಿ ಹಿಗ್ಗಿತು. ಕಾರು ದಿಬ್ಬ ಹತ್ತಿ ಇಳಿದು, ಗೆರೆ ಎಳೆದ ಹಾಗೆ ನೆಟ್ಟಗೆ, ಒಂದೇ ಸಮನೆ ವೇಗ ಏರಿಸುತ್ತ ಬಂತು. ಬೇರಿಂಗ್ ಗಾಡಿಯ ಬದಿಗೆ ಬಂತು. ದಾಟಿತು. ಇದ್ದಿಲ ಗೆರೆಯನ್ನು ತುಳಿದು ನನ್ನ ಕಾಲಿಗೆ ಬಡಿಯಿತು. ಆ ಪೆಟ್ಟಿನ ಗುರುತು ಎಡ ಮೊಣಕಾಲಿನ ಕೆಳಗೆ ಇನ್ನೂ ಇದೆ. ನಾನು ತೋರಿಸಬಲ್ಲ ಏಕೈಕ ಪದಕ ಅದು.

ಮೊದಲು ಕೂಗಿದವನು ಹಿರೇಕೆರೂರಿನ ಹುಡುಗ. ಆಮೇಲೆ ಹಾನಗಲ್ಲಿನವನು ಜೈಬುವಿನ ಸುತ್ತ ಕುಣಿಯತೊಡಗಿದ. ಅಪ್ಪ ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು, ಗೆರೆಯ ಹತ್ತಿರ ಬಂದು, ಬಗ್ಗಿ ನೋಡಿ, "ಸವಣೂರು," ಎಂದು ಘೋಷಿಸಿದ. ಅಷ್ಟು ಹೊತ್ತೂ ಅವನು ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದ.

ಬಸ್ಯಾನ ಮುಖ ಸುಣ್ಣವಾಗಿತ್ತು. ಆದರೂ ಮಾತಿಗೆ ತಪ್ಪಲಿಲ್ಲ. ಬೇರಿಂಗ್ ಗಾಡಿಯನ್ನು ತಾನೇ ಎತ್ತಿ ತಂದು ಜೈಬುವಿನ ಮುಂದೆ ಹಿಡಿದ. "ತಗೋ."

ನಾನು ಕೈ ಚಾಚಿದ್ದೆ. ಬೇರಿಂಗುಗಳಿಗೆ ಸುತ್ತಲಿನ ಮಕ್ಕಳೆಲ್ಲ ಆಸೆಪಡುತ್ತಿದ್ದರು. ಜೈಬು ಅದನ್ನು ದಾಟಿ ಗ್ಯಾರೇಜಿಗೆ ನಡೆದಳು. ಟೈರಿನ ಮೇಲೆ ಹತ್ತಿ, ಗೋಡೆಯಿಂದ ಎಣ್ಣೆ ಡಬ್ಬಿಯ ಕಾರನ್ನು ಇಳಿಸಿ, ನೆತ್ತಿಯ ತೂತಿಗೆ ಬೆರಳು ಹಾಕಿ ನೋಡಿದಳು.

"ಇದು ಸಾಕು."

"ಹುಚ್ಚಿ ಅದೀಯೇನ?" ಎಂದ ಬಸ್ಯಾ. ಅವನಿಗೆ ಗಾಡಿ ಉಳಿದ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. "ಅದು ಓಡೂದ ಇಲ್ಲ!"

"ನಂದದು," ಅಂದಳು ಜೈಬು.

ಬಸ್ಸಿನಲ್ಲಿ ನಾನು ಅವಳೊಂದಿಗೆ ಮಾತಾಡಲಿಲ್ಲ. ಬೇರಿಂಗುಗಳ ದುಃಖ ದೊಡ್ಡದಾಗಿತ್ತು. ಆದರೆ ಕಂಡಕ್ಟರು ಬಂದು, ತಾಮ್ರದ ಕಾರನ್ನು ಕಂಡು, "ಎರಡೆರಡು ಗಾಡಿ ಇಟಗೊಂಡು ನಮ್ಮ ಬಸ್ಸಿನ್ಯಾಗ ಯಾಕ ಬಂದ್ರಿ ಯವ್ವಾ?" ಎಂದ. ಡ್ರೈವರಿಗೆ ತೋರಿಸಲು ಕೊಂಡೊಯ್ದ. ಡ್ರೈವರು ಅದನ್ನು ತನ್ನ ಪಕ್ಕದ ಇಂಜಿನ್ನಿನ ಮೇಲೆ, ಊದುಬತ್ತಿಯ ಬದಿಗೆ ಇಟ್ಟುಕೊಂಡ. ಸವಣೂರಿನವರೆಗೂ ಪ್ರತಿ ನಿಲ್ದಾಣದಲ್ಲಿ ಹತ್ತಿದವರು, "ಇದೇನ್ರಿ?" ಎಂದು ಕೇಳಿದರು. ಪ್ರತಿಯೊಬ್ಬರಿಗೂ ಡ್ರೈವರೇ ಉತ್ತರಿಸಿದ, ತಾನೇ ಗೆದ್ದವನಂತೆ: "ರೇಸಿನ ಕಾರ್ ರೀ. ಶಿಗ್ಗಾವಿ ಹೊಡದು ಬಂದೈತಿ." ಊರು ಬರುವಷ್ಟರಲ್ಲಿ ನಾನು ಜೈಬುವಿನ ಜೊತೆ ಮಾತಾಡುತ್ತಿದ್ದೆ.

ಹೋದ ವರ್ಷ ವರದಿಯ ಕೆಲಸಕ್ಕೆ ಹಾನಗಲ್ ಕಡೆ ಹೋದವಳು ಅಕ್ಕಿಆಲೂರಿನಲ್ಲಿ ಇಳಿದೆ. ಜೈಬು ಮದುವೆಯಾಗಿ ಬಂದ ಊರು ಅದು. ಅವಳದು ಈಗ ಸ್ಟೀಲ್ ಪಾತ್ರೆಗಳ ಅಂಗಡಿ. "ಕಲಾಯಿ ಬ್ಯಾಡಾದ ಪಾತ್ರಿ ಮಾರಾಕತ್ತೇನಿ, ಅಬ್ಬಾ ಇದ್ದಿದ್ರ ಬೈತಿದ್ರು," ಎಂದು ನಕ್ಕಳು. ಸವಣೂರಿನ ಕಲಾಯಿ ಅಂಗಡಿಯ ಜಾಗದಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ. ನವಸಾಗರದ ಹೊಗೆ ಮೂಗಿಗೆ ತಾಗಿ ಯಾವ ಕಾಲವಾಯಿತೋ. ಶಿಗ್ಗಾವಿಯ ಇಳಿಜಾರಿಗೆ ಮಣ್ಣು ತುಂಬಿ ಸಮ ಮಾಡಿದ್ದಾರೆ, ಹೆದ್ದಾರಿ ಅಗಲವಾಗಿ ಗ್ಯಾರೇಜಿನ ಗೋಡೆ ಹೋಯಿತು. ನುಣುಪು ಹಾಳೆ ಯಾವ ಮನೆ ಬದಲಾಯಿಸುವಾಗ ಕಳೆಯಿತೋ ತಿಳಿಯದು. ಅಪ್ಪ ಇಲ್ಲ. ನಾನು ಬರೆದದ್ದನ್ನು ಜನ ಫೋನಿನಲ್ಲಿ ಓದುತ್ತಾರೆ. ಅದರಲ್ಲಿ ಖಾರ ಕಟ್ಟಲು ಬರುವುದಿಲ್ಲ.

ಅಂಗಡಿಯ ಗಾಜಿನ ಕಪಾಟಿನಲ್ಲಿ, ಹೊಸ ಸ್ಟೀಲಿನ ಕೊಡಗಳ ನಡುವೆ, ಎರಡೂ ಕಾರು ಇದ್ದವು. ಎಣ್ಣೆ ಡಬ್ಬಿಯದು ತುಕ್ಕು ಹಿಡಿದು ಮುಟ್ಟಿದರೆ ಉದುರುವಂತಿತ್ತು. ತಾಮ್ರದ್ದು ಕಪ್ಪಾಗಿತ್ತು, ಸುಣ್ಣದ ನಲವತ್ತೇಳು ಅಳಿಸಿತ್ತು. ಪಾತ್ರೆ ಕೊಳ್ಳಲು ಬಂದ ಒಬ್ಬಾಕೆಯ ಪುಟ್ಟ ಮಗಳು ಅದಕ್ಕೇ ಹಟ ಹಿಡಿದಳು. ಜೈಬು ತೆಗೆದು ಅವಳ ಕೈಗೆ ಕೊಟ್ಟಳು. ಭಾರಕ್ಕೆ ಮಗುವಿನ ಕೈ ಕೆಳಗೆ ಜಗ್ಗಿತು. ಅದು ಬಾಗಿಲಿಗೆ ಉಗುರು ಹಾಕಿತು.

"ಯಾಕ ತೆರಿಯೂದಿಲ್ಲ?"

ಜೈಬು ನನ್ನನ್ನು ನೋಡಿದಳು. ಅಂಗಡಿಯ ಮುಂದೆ ಸಾಮಾನು ಇಳಿಸಲು ಹಾಕಿದ ಮೋಟು ಇಳಿಜಾರಿತ್ತು. ಮೂವರೂ ಹೊರಗೆ ಹೋದೆವು. ಮಗು ಕೈ ಬಿಟ್ಟಿತು. ಕಾರು ಎಮ್ಮೆಯ ಹಾಗೆ ಹೊರಟು, ಗೆರೆ ಎಳೆದ ಹಾಗೆ ನೆಟ್ಟಗೆ ಇಳಿದು, ರಸ್ತೆಯ ಅಂಚಿಗೆ ನಿಂತಿತು.

ಎತ್ತಿಕೊಳ್ಳಲು ಬಗ್ಗಿದವಳು ಕಿಟಕಿಯಲ್ಲಿ ಕಣ್ಣಿಟ್ಟು ನೋಡಿದೆ. ಒಳಗಿನ ಕಲಾಯಿ ಇನ್ನೂ ಬೆಳ್ಳಗಿತ್ತು.